‘ಯಥಾ’ ಎಂದು ಬರೆದ ಆರು ವರ್ಷ

ಸರ್ಕಾರ ಕೊಡುವ ವ್ಯಾಸಂಗ ಸಾಲಕ್ಕೆ ಮಿತಿ ನಿಗದಿ ಮಾಡುವವರು ಯಾರು ಎಂದು ಕೇಳಿದರೆ ಜನ ವಿಧಾನಸೌಧದ ಕಡೆ ಕೈ ತೋರಿಸುತ್ತಾರೆ. ನಮ್ಮ ನಿಗಮಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರೂ ಹಾಗೆಯೇ ತಿಳಿದಿರುತ್ತಾರೆ. ಮೂವತ್ತನಾಲ್ಕು ವರ್ಷ ತುಮಕೂರಿನ ಜಿಲ್ಲಾ ಕಚೇರಿಯಲ್ಲಿ ಅದೇ ಕೆಲಸ ಮಾಡಿದವನು ನಾನು. ಮಿತಿ ಹುಟ್ಟುವುದು ಜಿಲ್ಲಾ ಕಚೇರಿಯ ಮೇಜಿನ ಮೇಲೆ, ತಖ್ತೆ ತುಂಬುವವನ ಪೆನ್ನಿನಲ್ಲಿ. ಮೇಲಿನವರು ಅದಕ್ಕೆ ಸಹಿ ಹಾಕುತ್ತಾರೆ, ಅಷ್ಟೆ.

ಕ್ರಮ ಹೀಗಿದೆ. ಪ್ರತಿ ವರ್ಷ ಜನವರಿ ಕೊನೆಯೊಳಗೆ ಪ್ರತಿ ಜಿಲ್ಲೆಯವರು ತಮ್ಮಲ್ಲಿರುವ ಕೋರ್ಸುಗಳ ತಖ್ತೆ ಕಳುಹಿಸಬೇಕು. ಒಂದೊಂದು ಕೋರ್ಸಿಗೂ ವಾರ್ಷಿಕ ಶುಲ್ಕ ಎಷ್ಟು, ಪರೀಕ್ಷೆ ಮತ್ತು ಪ್ರಯೋಗಾಲಯದ ಖರ್ಚೆಷ್ಟು, ಪುಸ್ತಕಕ್ಕೆಷ್ಟು, ಕೋರ್ಸಿನ ಅವಧಿ ಎಷ್ಟು ವರ್ಷ ಎಂಬ ಅಂಕಣಗಳು. ಬೆಂಗಳೂರಿನ ಕೇಂದ್ರ ಕಚೇರಿಯವರು ಎಲ್ಲ ಜಿಲ್ಲೆಗಳ ಅಂಕಿ ಜೋಡಿಸಿ, ತೀರಾ ಹೆಚ್ಚಿನದನ್ನೂ ತೀರಾ ಕಡಿಮೆಯದನ್ನೂ ಬಿಟ್ಟು, ನಡುವಿನ ಮೊತ್ತವನ್ನು ಅವಧಿಯಿಂದ ಗುಣಿಸುತ್ತಾರೆ. ಬಂದದ್ದೇ ಆ ಕೋರ್ಸಿನ ಮಿತಿ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಲು ಮಂತ್ರಿಗಳಿಗೂ ಆಗದು.

ನನಗೆ ಈ ಕೆಲಸ ಕಲಿಸಿದವರು ಸೂಪರಿಂಟೆಂಡೆಂಟ್ ರುದ್ರಪ್ಪನವರು. ಬೆಳಗ್ಗೆ ಹತ್ತು ಗಂಟೆಗೆ ಸರಿಯಾಗಿ ಹಾಜರಿ ಪುಸ್ತಕ ತೆಗೆದು ತಮ್ಮ ಡ್ರಾಯರಿಗೆ ಹಾಕಿಕೊಳ್ಳುತ್ತಿದ್ದರು. ಹತ್ತು ಗಂಟೆ ಎರಡು ನಿಮಿಷಕ್ಕೆ ಬಂದವನು ಅವರ ಎದುರು ನಿಂತು ಕೇಳಿಯೇ ಸಹಿ ಮಾಡಬೇಕಿತ್ತು. ನಾನು ಓದಿದ್ದು ಉಚಿತ ವಿದ್ಯಾರ್ಥಿನಿಲಯದಲ್ಲಿ. ಅಲ್ಲಿ ಗಂಟೆ ಹೊಡೆದ ಮೇಲೆ ಹಾಸಿಗೆಯಲ್ಲಿ ಇದ್ದವನಿಗೆ ಆ ದಿನದ ತಿಂಡಿ ಇರುತ್ತಿರಲಿಲ್ಲ. ಆದ್ದರಿಂದ ರುದ್ರಪ್ಪನವರ ಶಿಸ್ತು ನನಗೆ ಕಷ್ಟವೆನಿಸಲಿಲ್ಲ. ಇಡೀ ರಾಜ್ಯದಲ್ಲಿ ತಖ್ತೆ ಮೊದಲು ತಲುಪುವುದು ತುಮಕೂರಿನಿಂದ ಎಂಬ ಹೆಸರು ಅವರ ಕಾಲದಲ್ಲಿ ಬಂತು, ನನ್ನ ಕಾಲದಲ್ಲೂ ಉಳಿಯಿತು. ಈ ಹೆಸರೇ ಮುಂದೆ ನನ್ನನ್ನು ಹೇಗೆ ಕೆಡವಿತು ಎಂಬುದನ್ನು ಹೇಳುವುದಕ್ಕೇ ಈ ಬರಹ.

ಮೊದಲ ವರ್ಷಗಳಲ್ಲಿ ನಾವು ಪ್ರತಿ ಕಾಲೇಜಿಗೂ ಹೋಗಿ ಬರುತ್ತಿದ್ದೆವು. ಗುಬ್ಬಿಯ ಒಂದು ಖಾಸಗಿ ತರಬೇತಿ ಸಂಸ್ಥೆಯದು ಮರೆಯಲಾಗದ ಪ್ರಸಂಗ. ಅಲ್ಲಿ ಉಡುಪು ವಿನ್ಯಾಸದ ಡಿಪ್ಲೊಮಾ ಇತ್ತು. ಪ್ರಾಂಶುಪಾಲರು ಬಹಳ ಮರ್ಯಾದೆಯಿಂದ ಕೂರಿಸಿ, ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿದ ಶುಲ್ಕದ ಪಟ್ಟಿ ಕೈಗಿಟ್ಟರು. ಎಳನೀರು ಕೊಟ್ಟರು. ನಾನು ಪಟ್ಟಿಯನ್ನು ಬ್ಯಾಗಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಅಲ್ಲಿ ಅದೇ ಸಂಸ್ಥೆಯ ಮೂವರು ಹುಡುಗಿಯರು ಕಡಬದ ಬಸ್ಸಿಗೆ ಕಾಯುತ್ತಿದ್ದರು. ಮಾತಿಗೆ ಮಾತು ಬಂದು, “ವರ್ಷಕ್ಕೆ ಎಷ್ಟು ಕಟ್ತೀರಮ್ಮ?” ಎಂದೆ. ಅವರು ಹೇಳಿದ್ದು ಪಟ್ಟಿಯ ಅರ್ಧ.

“ಅಷ್ಟೇನಾ? ಪಟ್ಟಿಲಿ ಜಾಸ್ತಿ ಐತಲ್ಲ.”

“ಅದು ಸಾಲದೋರ್ಗೆ ತೋರ್ಸೋ ಪಟ್ಟಿ ಅಂಕಲ್,” ಎಂದಳು ಒಬ್ಬಳು. “ನಮ್ಗೆ ಬೇರೆ ಅದೆ.”

ಸಾಲದೋರು ನಾನೇ ಎಂದು ಅವಳಿಗೆ ಗೊತ್ತಿರಲಿಲ್ಲ. ಆ ಸಂಸ್ಥೆಯವರ ಲೆಕ್ಕ ಸರಳ: ಮಿತಿ ಏರಿದರೆ ಮುಂದಿನ ವರ್ಷ ಶುಲ್ಕವನ್ನು ಮಿತಿಯವರೆಗೂ ಏರಿಸಬಹುದು, ಸಾಲ ಮಾತ್ರ ಓದುವವಳ ತಲೆಯ ಮೇಲೆ. ಮೂವರಿಂದಲೂ ರಶೀದಿಯ ನಕಲು ಪಡೆದು ನಿಜವಾದ ಅಂಕಿಯನ್ನೇ ಕಳುಹಿಸಿದೆ. ಅಂದಿನಿಂದ ಕೇಂದ್ರ ಕಚೇರಿಯವರು, ಯಾರೇ ಮಿತಿ ಏರಿಸಿ ಎಂದರೂ ಮೊದಲು ಅನುಮಾನ ಪಡಬೇಕು ಎಂದು ಕಲಿತರು. ಅದನ್ನು ಕಲಿಸಿದ ಕೀರ್ತಿ ನನ್ನದೇ.

ಆಮೇಲೆ ವಿಧಾನ ಬದಲಾಯಿತು. ಕಂಪ್ಯೂಟರ್ ಬಂತು, ಇ-ಮೇಲ್ ಬಂತು, ಸಿಬ್ಬಂದಿ ಅರ್ಧಕ್ಕಿಳಿಯಿತು. ಕಾಲೇಜುಗಳಿಗೆ ಪತ್ರ ಕಳುಹಿಸಿ ಉತ್ತರ ತರಿಸಿಕೊಳ್ಳುವುದು ರೂಢಿಯಾಯಿತು. ಉತ್ತರ ಬಾರದಿದ್ದರೆ ಆ ಕೋರ್ಸಿನ ಮುಂದೆ ‘ಯಥಾ’ ಎಂದು ಬರೆಯುವುದು. ಎಂದರೆ ಕಳೆದ ವರ್ಷ ಇದ್ದಂತೆಯೇ. ಎರಡಕ್ಷರ ಬರೆದರೆ ಸಾಲು ಪೂರ್ತಿಯಾಗುತ್ತದೆ, ತಖ್ತೆ ವೇಳೆಗೆ ಹೋಗುತ್ತದೆ. ಈ ಕೈಯಿಂದ ಎಷ್ಟು ‘ಯಥಾ’ ಬರೆದಿದ್ದೇನೋ ದೇವರಿಗೇ ಗೊತ್ತು.

ನಿವೃತ್ತಿಗೆ ಐದು ತಿಂಗಳು ಉಳಿದಿತ್ತು. ಆಗ ನಾನು ಜಿಲ್ಲಾ ವ್ಯವಸ್ಥಾಪಕ. ಒಂದು ಸೋಮವಾರ ಹನ್ನೊಂದು ಗಂಟೆಗೆ ಹೆಬ್ಬೂರಿನಿಂದ ಇಬ್ಬರು ಹೆಂಗಸರು ಬಂದರು. ಒಬ್ಬಳು ರೇಣುಕಾ, ಇಪ್ಪತ್ತಾರರ ವಯಸ್ಸು. ಕುಣಿಗಲ್‌ನ ಒಂದು ಕನ್ನಡಕದ ಅಂಗಡಿಯಲ್ಲಿ ಐದು ವರ್ಷ ಕೌಂಟರಿನಲ್ಲಿ ನಿಂತು, ತಾನೂ ಕಣ್ಣು ಪರೀಕ್ಷೆ ಮಾಡುವುದನ್ನು ಕಲಿಯಬೇಕೆಂದು ತುಮಕೂರಿನ ಕಾಲೇಜೊಂದರಲ್ಲಿ ನೇತ್ರ ತಂತ್ರಜ್ಞ ಡಿಪ್ಲೊಮಾಕ್ಕೆ ಸೇರಿದ್ದಳು. ನಮ್ಮ ಸಾಲದಲ್ಲೇ ಮೊದಲ ವರ್ಷ ಮುಗಿಸಿ, ತರಗತಿಗೆ ಎರಡನೆಯವಳಾಗಿ ಪಾಸಾಗಿದ್ದಳು. ಇನ್ನೊಬ್ಬರು ಅವಳ ಅತ್ತೆ ಪುಟ್ಟಗೌರಮ್ಮ. ಡೈರಿಗೆ ಹಾಲು ಹಾಕುವ ಗಟ್ಟಿ ಹೆಂಗಸು. ಸೊಸೆಯನ್ನು ಕೆಲಸ ಬಿಡಿಸಿ ಓದಿಗೆ ಕಳುಹಿಸಿದ್ದೇ ಅವರು ಎಂದು ಆಮೇಲೆ ತಿಳಿಯಿತು.

ವಿಷಯ ಇಷ್ಟು. ಎರಡನೆಯ ವರ್ಷದ ಶುಲ್ಕಕ್ಕೆ ರೇಣುಕಾ ಅರ್ಜಿ ಹಾಕಿದ್ದಳು. ಕಂಪ್ಯೂಟರ್ ಅದನ್ನು ತಿರಸ್ಕರಿಸಿತ್ತು: ‘ಕೋರ್ಸಿನ ಮಿತಿ ಪೂರ್ಣ ಬಳಕೆಯಾಗಿದೆ.’ ಶುಲ್ಕ ಕಟ್ಟಲು ಇಪ್ಪತ್ತೆರಡು ದಿನ ಉಳಿದಿತ್ತು. ಕಟ್ಟದಿದ್ದರೆ ಸೀಟು ಹೋಗುತ್ತದೆ, ಓದು ಅಲ್ಲಿಗೆ ನಿಲ್ಲುತ್ತದೆ. ಅಂಗಡಿಯಲ್ಲಿ ಅವಳ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದರು.

ನಾನು ಮಿತಿಯ ಪಟ್ಟಿ ತೆಗೆದು ತೋರಿಸಿದೆ. “ನೋಡಮ್ಮ, ಈ ಕೋರ್ಸಿಗೆ ಇರೋದೇ ಇಷ್ಟು. ಅಷ್ಟನ್ನೂ ನಿಮಗೆ ಮೊದಲನೇ ವರ್ಷವೇ ಕೊಟ್ಟಾಗಿದೆ.”

ಪುಟ್ಟಗೌರಮ್ಮ ಪಟ್ಟಿ ನೋಡಲಿಲ್ಲ. ನನ್ನನ್ನೇ ನೋಡಿದರು.

“ಅಲ್ಲ ಸಾಮಿ, ಓದು ಎಲ್ಡು ವರ್ಸ. ಸಾಲ ಒಂದು ವರ್ಸಕ್ಕೆ. ಯಾವ ಸೀಮೆ ಲೆಕ್ಕ ಇದು? ಒಂದು ಕಣ್ಣಿಗೆ ಕನ್ನಡ್ಕ ಹಾಕಿ ಇನ್ನೊಂದುನ್ನ ದೇವ್ರು ನೋಡ್ಕತಾನೆ ಅಂದಂಗಾಯ್ತು.”

“ನಿಯಮ ಇರೋದೇ ಹಾಗಮ್ಮ.”

“ನಿಯಮ ಮಾಡ್ದೋನು ಯಾರು? ಅವ್ನನ್ನೇ ಕರೀರಿ, ನಾನು ಕೇಳ್ತೀನಿ. ಎಣಿಸೋಕ್ ಬರ್ದೋನ್ನ ಆಪೀಸ್ನಾಗೆ ಯಾಕ್ ಕೂರ್ಸವ್ರೆ? ನಮ್ಮ್ ಡೈರಿ ಸೆಕ್ರೆಟ್ರಿ ಹಿಂಗ್ ಮಾಡಿದ್ರೆ ಕ್ಯಾನ್ ತಲೆ ಮ್ಯಾಲೆ ಸುರಿತಿದ್ವಿ.”

“ಅತ್ತೆ, ಸುಮ್ನಿರಿ,” ಎಂದಳು ರೇಣುಕಾ.

“ನೀನ್ ಸುಮ್ನಿರು. ನೀನು ಸುಮ್ನಿದ್ದಿದ್ದಕ್ಕೇ ಇಲ್ಲೀಗಂಟ ಬಂದಿರೋದು.”

ಎಣಿಸಲು ಬಾರದವನು ಎಂದು ನನ್ನನ್ನು ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಅಂದಿರಲಿಲ್ಲ. ಅವರನ್ನು ಕೂರಿಸಿ, ಕೇಸ್ ವರ್ಕರ್ ಶಬಾನಾಗೆ ಆ ಕೋರ್ಸಿನ ಹಳೆಯ ತಖ್ತೆಗಳನ್ನು ತರಲು ಹೇಳಿದೆ. ಆಕೆ ನಮ್ಮಲ್ಲಿ ಎಂಟು ವರ್ಷದಿಂದ ಇದ್ದ ಚುರುಕಾದ ಗುಮಾಸ್ತೆ. ಐದು ನಿಮಿಷದಲ್ಲಿ ಏಳು ವರ್ಷದ ಹಾಳೆಗಳನ್ನು ತಂದು ಮೇಜಿನ ಮೇಲೆ ಹರಡಿದಳು.

ಈಚಿನ ಆರು ಹಾಳೆಯಲ್ಲೂ ಅವಧಿಯ ಅಂಕಣದಲ್ಲಿ ನನ್ನ ಕೈಬರಹ: ಯಥಾ. ಯಥಾ. ಯಥಾ. ಅದಕ್ಕೂ ಹಿಂದಿನ ಹಾಳೆಯಲ್ಲಿ ‘ಒಂದು ವರ್ಷ’ ಎಂದಿತ್ತು. ಆ ಕೋರ್ಸು ಮೊದಲು ಒಂದು ವರ್ಷದ್ದೇ ಆಗಿತ್ತು. ನಡುವೆ ಎಂದೋ ಎರಡು ವರ್ಷವಾಗಿದೆ. ನಾನು ಕೇಳಿರಲಿಲ್ಲ.

“ಬೇರೆ ಜಿಲ್ಲೆಯವ್ರು ಏನು ಬರೆದವ್ರೆ ನೋಡು,” ಎಂದೆ. ಇನ್ನೂ ಮೂರು ಜಿಲ್ಲೆಗಳಲ್ಲಿ ಆ ಕೋರ್ಸು ಇತ್ತು. ಶಬಾನಾ ಅಲ್ಲಿಯ ಸಹೋದ್ಯೋಗಿಗಳಿಗೆ ಫೋನು ಮಾಡಿದಳು. ಮೂವರೂ ‘ಒಂದು ವರ್ಷ’ ಎಂದೇ ಕಳುಹಿಸಿದ್ದರು. ಯಾಕೆ ಎಂದು ಕೇಳಿದರೆ, “ರಾಜ್ಯದ ಪಟ್ಟಿಲಿ ಹಂಗೇ ಇತ್ತಲ್ಲ ಮೇಡಂ, ಅದನ್ನ ನೋಡ್ಕೊಂಡು ಬರೆದ್ವಿ” ಎಂದರು. ರಾಜ್ಯದ ಪಟ್ಟಿಗೆ ಆ ಅಂಕಿ ಎಲ್ಲಿಂದ ಬಂತು? ಮೊದಲು ಆ ಕೋರ್ಸು ಇದ್ದದ್ದು ತುಮಕೂರಿನಲ್ಲಿ ಮಾತ್ರ. ನಾನು ಪಟ್ಟಿ ನೋಡಿ ಬರೆಯುತ್ತಿದ್ದೆ. ಪಟ್ಟಿ ನನ್ನನ್ನು ನೋಡಿ ಬರೆದುಕೊಂಡಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಇದೇ ಕೋರ್ಸಿಗೆ ಸಾಲ ಪಡೆದ ಹಿಂದಿನವರ ಕಡತಗಳನ್ನೂ ತರಿಸಿದೆ. ಇಬ್ಬರು ಸಿಕ್ಕರು. ಬೆಳ್ಳಾವಿಯ ಒಬ್ಬ ಹುಡುಗ, ಗುಬ್ಬಿಯ ಒಬ್ಬಾಕೆ. ಇಬ್ಬರ ಕಡತದ ಮೇಲೂ ಕೆಂಪು ಶಾಯಿಯಲ್ಲಿ ‘ವ್ಯಾಸಂಗ ಬಿಟ್ಟವರು’ ಎಂದು ನಾನೇ ಬರೆದಿದ್ದೆ. ಬಿಟ್ಟವರಲ್ಲ, ನಾನು ಬಿಡಿಸಿದವರು.

ಮರುದಿನ ಆ ಕಾಲೇಜಿಗೆ ಹೋದೆ. ನಮ್ಮ ಕಚೇರಿಯಿಂದ ನಡೆದರೆ ಹದಿನೈದು ನಿಮಿಷ. ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ವಿಚಾರಿಸಿದವನಿಗೆ ಊರೊಳಗಿನ ಹದಿನೈದು ನಿಮಿಷ ಆರು ವರ್ಷದಲ್ಲೂ ಸಿಕ್ಕಿರಲಿಲ್ಲ. ಕಾಲೇಜಿನ ಕಚೇರಿಯಲ್ಲಿ ಅವಧಿ ಬದಲಾದ ಆದೇಶದ ನಕಲು ಕೇಳಿದೆ. ಗುಮಾಸ್ತರು ನಕ್ಕರು.

“ನಿಮ್ಮ ಪತ್ರ ಪ್ರತಿ ಡಿಸೆಂಬರ್‌ನಲ್ಲಿ ಬರ್ತಿತ್ತು ಸಾರ್. ಆಗ ನಮ್ಗೆ ಪರೀಕ್ಷೆ. ಹದಿನೈದು ದಿನದಾಗೆ ಉತ್ತರ ಕೊಡಿ ಅಂತಿದ್ರಿ. ನಾವು ಬರೆಯೋ ಹೊತ್ತಿಗೆ ನಿಮ್ದು ಹೋಗ್ಬಿಟ್ಟಿರ್ತಿತ್ತು.”

ರಾಜ್ಯಕ್ಕೇ ಮೊದಲು ಕಳುಹಿಸುವ ಹೆಮ್ಮೆಯ ಬೆಲೆ ಅದು. ಜನವರಿ ಕೊನೆಯವರೆಗೆ ಕಾಲಾವಕಾಶವಿದ್ದರೂ ನಾನು ಜನವರಿ ಐದಕ್ಕೇ ಲಕೋಟೆ ಮುಚ್ಚುತ್ತಿದ್ದೆ.

ದಾಖಲೆ ಸಿಕ್ಕಿತು. ಆದರೆ ದಾರಿ ಯಾವುದು? ಕಚೇರಿಗೆ ಬಂದಾಗ ಶಬಾನಾ ಕರಡು ಸಿದ್ಧ ಮಾಡಿಟ್ಟಿದ್ದಳು. “ಸಾರ್, ‘ಮಿತಿ ಪರಿಷ್ಕರಣೆ’ ಅಂತ ಬರೆದಿದೀನಿ. ಕೋರ್ಸ್ ಈಗ ಎರಡು ವರ್ಷ ಆಗಿದೆ, ಮಿತಿ ಏರ್ಸಿ ಅಂತ. ಯಾರೂ ಏನೂ ಕೇಳಲ್ಲ. ನಿಮ್ಗೂ ರಿಟೈರ್ಮೆಂಟ್ ಹತ್ರ ಇದೆ.”

“ಜಾರಿ ಯಾವಾಗಿಂದ?”

“ಪರಿಷ್ಕರಣೆ ಅಂದ್ರೆ ಮುಂದಿನ ವರ್ಷದ ಹೊಸ ಅರ್ಜಿಗಳಿಗೆ.”

“ರೇಣುಕಾಗೆ?”

ಅವಳು ಕರಡನ್ನು ಮಡಿಸಿ ಪಕ್ಕಕ್ಕಿಟ್ಟಳು.

ನಮ್ಮ ನಿಯಮಾವಳಿಯಲ್ಲಿ ಇನ್ನೊಂದು ಕಲಮು ಇದೆ, ‘ದೋಷ ತಿದ್ದುಪಡಿ’. ಜಿಲ್ಲಾ ತಖ್ತೆಯಲ್ಲೇ ತಪ್ಪಾಗಿದ್ದರೆ, ತಪ್ಪು ಆದ ವರ್ಷದಿಂದಲೇ ಸರಿಯಾದ ಮಿತಿ ಜಾರಿಗೆ ಬರುತ್ತದೆ. ಹಳೆಯ ಅರ್ಜಿದಾರರಿಗೂ ಅನ್ವಯಿಸುತ್ತದೆ. ನನ್ನ ಸೇವೆಯಲ್ಲಿ ಆ ಕಲಮನ್ನು ಯಾರೂ ಬಳಸಿದ್ದು ಕಂಡಿರಲಿಲ್ಲ. ಬಳಸಬೇಕಾದರೆ ಒಬ್ಬ ಅಧಿಕಾರಿ, ತಪ್ಪು ನನ್ನದು ಎಂದು ಬರೆದು ಕೆಳಗೆ ಸಹಿ ಹಾಕಬೇಕು.

“ಈ ಕಲಮಿನಡಿ ಹೋಗೋಣ,” ಎಂದೆ.

“ಸಾರ್, ಪೆನ್ಷನ್ ಕಾಗದಕ್ಕೆ ತಡೆ ಹಾಕ್ಬಿಟ್ರೆ?”

“ಹಾಕಿದಾಗ ನೋಡೋಣ. ನೀನು ಟೈಪ್ ಮಾಡು.”

ಧೈರ್ಯದಿಂದ ಹೇಳಿದೆನೆಂದು ತಿಳಿಯಬೇಡಿ. ಆ ಮಧ್ಯಾಹ್ನ ಡಬ್ಬಿಯ ಊಟ ಹಾಗೆಯೇ ಉಳಿಯಿತು. ಆದರೆ ಆ ಪತ್ರದ ಪ್ರತಿಯೊಂದು ವಾಕ್ಯವನ್ನೂ ನಾನೇ ಹೇಳಿ ಬರೆಸಿದೆ: ಕಾಲೇಜಿನಿಂದ ಉತ್ತರ ಬರುವ ಮೊದಲೇ, ವಿಚಾರಿಸದೆ, ಆರು ವರ್ಷ ‘ಯಥಾ’ ಎಂದು ನಮೂದಿಸಿರುತ್ತೇನೆ. ಅವಧಿ ಬದಲಾವಣೆಯ ಆದೇಶ, ಕಾಲೇಜಿನ ದೃಢೀಕರಣ, ಎರಡನೆಯ ವರ್ಷದ ಒಂಬತ್ತು ವಿದ್ಯಾರ್ಥಿಗಳ ರಶೀದಿಯ ನಕಲು, ನನ್ನ ಆರು ಹಾಳೆಗಳು, ಕೆಂಪು ಶಾಯಿಯ ಎರಡು ಕಡತ ಎಲ್ಲವನ್ನೂ ಲಗತ್ತಿಸಿದೆ. ಅಂಚೆಗೆ ಹಾಕಲಿಲ್ಲ. ಬೆಳಗಿನ ರೈಲಿಗೆ ನಾನೇ ಬೆಂಗಳೂರಿಗೆ ಒಯ್ದು, ಸ್ವೀಕೃತಿ ಹಾಕಿಸಿಕೊಂಡು ಬಂದೆ.

ಪತ್ರ ಕೊಟ್ಟ ಹನ್ನೊಂದನೆಯ ದಿನ ವಿಚಾರಣೆಗೆ ಕರೆ ಬಂತು. ಮೇಜಿನ ಆಚೆ ವ್ಯವಸ್ಥಾಪಕ ನಿರ್ದೇಶಕಿ ಮತ್ತು ಮುಖ್ಯ ಲೆಕ್ಕಾಧಿಕಾರಿ. ಲೆಕ್ಕಾಧಿಕಾರಿಗಳು ನಿವೃತ್ತಿಯ ಅಂಚಿನವರೇ, ನನಗಿಂತ ಖಡಕ್ಕು.

“ನಂಜುಂಡಯ್ಯನವರೇ, ಮಿತಿ ಏರ್ಸಿ ಅಂತ ಬಂದೋರನ್ನ ನಂಬಬೇಡಿ ಅಂತ ನಮಗೆ ಪಾಠ ಹೇಳ್ದೋರು ನೀವು. ಈಗ ನೀವೇ ಎರಡು ಪಟ್ಟು ಕೇಳ್ತಿದೀರಿ.”

“ಏರ್ಸಿ ಅಂತ ಕೇಳ್ತಿಲ್ಲ ಸಾರ್. ಇದ್ದದ್ದನ್ನ ಸರಿ ಮಾಡಿ ಅಂತ ಕೇಳ್ತಿದೀನಿ. ವಾರ್ಷಿಕ ಶುಲ್ಕದಲ್ಲಿ ಒಂದು ರೂಪಾಯಿ ಮುಟ್ಟಿಲ್ಲ. ತಪ್ಪಿರೋದು ಅವಧಿಯಲ್ಲಿ.”

“ಆರು ವರ್ಷ ಒಂದು ಅಂತ ಸಹಿ ಮಾಡಿದೀರಿ. ಈಗ ಎರಡು ಅಂತೀರಿ. ಯಾವ ಸಹಿ ಸುಳ್ಳು?”

“ಹಳೇ ಆರೂ ಸುಳ್ಳು ಸಾರ್. ಇದೊಂದು ನಿಜ.”

ನಿರ್ದೇಶಕಿಯವರು ಕೆಂಪು ಶಾಯಿಯ ಕಡತಗಳನ್ನು ತಿರುವಿ ಹಾಕುತ್ತಿದ್ದರು.

“ಇದನ್ನೇ ಪರಿಷ್ಕರಣೆ ಅಂತ ಕಳ್ಸಿದ್ರೆ ನಾನು ನೋಡ್ದೇನೇ ಸಹಿ ಹಾಕ್ತಿದ್ದೆ. ನಿಮಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು ಮೇಡಂ. ಆದ್ರೆ ಅದು ಮುಂದಿನ ವರ್ಷದೋರ್ಗೆ. ಹೆಬ್ಬೂರಿನ ಈ ವಿದ್ಯಾರ್ಥಿನಿಗೆ ಶುಲ್ಕ ಕಟ್ಟೋಕೆ ಇನ್ನು ಏಳು ದಿನ ಇದೆ.”

ಲೆಕ್ಕಾಧಿಕಾರಿಗಳು ರಶೀದಿಗಳನ್ನು ಒಂದೊಂದಾಗಿ ಎತ್ತಿ, ಕನ್ನಡಕ ಸರಿಸಿ, ಒಂಬತ್ತನ್ನೂ ಓದಿದರು. ಸುಳ್ಳು ಹುಡುಕುತ್ತಿದ್ದರು. ಅದು ಅವರ ಧರ್ಮ, ನಾನಾಗಿದ್ದರೂ ಹುಡುಕುತ್ತಿದ್ದೆ. ಕೊನೆಗೆ ಕಾಗದಗಳನ್ನು ಜೋಡಿಸಿ ಪಿನ್ ಚುಚ್ಚಿ, “ಅಂಕಿ ಸರಿ ಇದಾವೆ ಮೇಡಂ,” ಎಂದರು. ಆ ನಾಲ್ಕು ಮಾತಿಗಿಂತ ದೊಡ್ಡ ಪ್ರಶಸ್ತಿ ನನಗೆ ಬಂದಿಲ್ಲ.

ಆದೇಶ ಬಂದದ್ದು ಶುಲ್ಕದ ಕಡೆಯ ದಿನಕ್ಕೆ ಎರಡು ದಿನ ಮುಂಚೆ. ನಾಲ್ಕು ಜಿಲ್ಲೆಗಳಲ್ಲೂ ಆ ಕೋರ್ಸಿನ ಮಿತಿಯನ್ನು ಎರಡು ವರ್ಷಕ್ಕೆ ತಿದ್ದಲಾಗಿತ್ತು, ಹಿಂದಿನವರಿಗೂ ಅನ್ವಯವಾಗುವಂತೆ. ಇತರ ಜಿಲ್ಲೆಗಳಲ್ಲಿ ಎಷ್ಟೋ ಕಡತಗಳು ಕಪಾಟಿನಿಂದ ಇಳಿದವು. ನಮ್ಮ ಬೆಳ್ಳಾವಿಯ ಹುಡುಗ ಮುಂದಿನ ವರ್ಷ ಮತ್ತೆ ಸೇರಿದ. ಗುಬ್ಬಿಯಾಕೆ ಅಷ್ಟರಲ್ಲಿ ಗಾರ್ಮೆಂಟ್ಸ್ ಸೇರಿ ಸೂಪರ್‌ವೈಸರ್ ಆಗಿದ್ದಳು. “ಇನ್ಯಾಕೆ ಬುಡಿ ಸಾರ್,” ಎಂದಳು ಫೋನಿನಲ್ಲಿ. ಅವಳ ಕಡತದ ಕೆಂಪು ಅಕ್ಷರವನ್ನಾದರೂ ಹೊಡೆದುಹಾಕಿ, ‘ನಿಗಮದ ದೋಷದಿಂದ’ ಎಂದು ತಿದ್ದಿದೆ. ಮರುವರ್ಷದ ತಖ್ತೆಯಲ್ಲಿ ಒಂದು ಅಂಕಣ ಹೆಚ್ಚಾಯಿತು: ಕಾಲೇಜಿಗೆ ಭೇಟಿ ಕೊಟ್ಟವರ ಹೆಸರು. ‘ಯಥಾ’ ಎಂದು ಬರೆದ ತಖ್ತೆಯನ್ನು ಈಗ ಕಂಪ್ಯೂಟರ್ ಸ್ವೀಕರಿಸುವುದಿಲ್ಲ. ಈಗ ಸೇರುವವರಿಗೆ ನಾನು ಹೇಳುವುದು ಒಂದೇ. ವೇಳೆಗೆ ಸರಿಯಾಗಿ ಕಳುಹಿಸಿ, ಆದರೆ ವೇಳೆ ಪೂರ್ತಿ ಬಳಸಿ. ಉಳಿದ ದಿನಗಳಲ್ಲಿ ಎದ್ದು ಹೋಗಿ ನೋಡಿ ಬನ್ನಿ.

ಆದೇಶದ ಜೊತೆ ಇನ್ನೊಂದು ಹಾಳೆ ಇತ್ತು. ಅದು ನನಗೆ. ಮರುದಿನ ಅತ್ತೆ ಸೊಸೆ ಇಬ್ಬರೂ ಬಂದಾಗ ಎರಡೂ ಮೇಜಿನ ಮೇಲೇ ಇದ್ದವು. ಹಣ ಬೆಳಗ್ಗೆಯೇ ಕಾಲೇಜಿನ ಖಾತೆಗೆ ಹೋಗಿದೆ ಎಂದು ಶಬಾನಾ ಮಂಜೂರಾತಿಯ ಪ್ರತಿ ಕೊಟ್ಟಳು. ರೇಣುಕಾ ಅದನ್ನು ಎರಡು ಸಲ ಓದಿದಳು. ಪುಟ್ಟಗೌರಮ್ಮನವರ ಕಣ್ಣು ಇನ್ನೊಂದು ಹಾಳೆಯ ಮೇಲೆ.

“ಅದೇನ್ ಸಾಮಿ, ನಮ್ದೇನಾ?”

“ಅದು ನನ್ನದು ಕಣಮ್ಮ.”

“ಏನಂತೆ?”

“ಬೈದವ್ರೆ.”

“ಎಲ್ಲಿ, ಓದಿ ನೋಡಾಣ.”

ಶಬಾನಾ ನಗು ತಡೆಯಲು ಮುಖ ಆ ಕಡೆ ತಿರುಗಿಸಿದಳು. ನಾನು ಕನ್ನಡಕ ಹಾಕಿಕೊಂಡು ಓದಿದೆ: “ಸದರಿ ಅಧಿಕಾರಿಯು ತಖ್ತೆ ಸಲ್ಲಿಸುವಲ್ಲಿ ತೋರಿದ ಅಲಕ್ಷ್ಯವನ್ನು ಗಂಭೀರವಾಗಿ ಪರಿಗಣಿಸಿ, ಮುಂದೆ ಹೀಗಾಗದಂತೆ ಎಚ್ಚರಿಕೆ ನೀಡಿ, ಇದನ್ನು ಸೇವಾ ಪುಸ್ತಕದಲ್ಲಿ ದಾಖಲಿಸತಕ್ಕದ್ದು.”

ಪುಟ್ಟಗೌರಮ್ಮ ಪೂರ್ತಿ ಕೇಳಿದರು. ಇನ್ನೂ ಇದೆಯೇನೋ ಎಂದು ಕಾದರು.

“ಇಷ್ಟೇನಾ?” ಎಂದರು. “ಇದುಕ್ಕೆ ಬೆಂಗ್ಳೂರ್ಗಂಟ ಹೋಗ್ಬೇಕಿತ್ತಾ? ನಾನೇ ಇದುಕ್ಕಿಂತ ಚೆಂದಾಗಿ ಬೈದಿದ್ನಲ್ಲ!”

ಕಚೇರಿಯಲ್ಲಿ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಗೋಂದು ತರಿಸಿ ಆ ಹಾಳೆಯನ್ನು ನನ್ನ ಸೇವಾ ಪುಸ್ತಕದಲ್ಲಿ ನಾನೇ ಅಂಟಿಸಿದೆ, ಅಂಚು ಸೊಟ್ಟಗಾಗದಂತೆ. ನನ್ನ ಸೇವಾ ಪುಸ್ತಕದಲ್ಲಿರುವ ಎಚ್ಚರಿಕೆ ಅದೊಂದೇ. ಉಳಿದ ಪುಟಗಳಲ್ಲಿ ಬಡ್ತಿ, ವರ್ಗಾವಣೆ. ಅವು ಎಲ್ಲರ ಪುಸ್ತಕದಲ್ಲೂ ಇರುತ್ತವೆ.

ಕಾಲೇಜಿನಲ್ಲಿ ಹಣ ಬಂದದ್ದನ್ನು ಹೊಂದಿಸಿ ರಶೀದಿ ಕೊಡುತ್ತಾರೋ ಇಲ್ಲವೋ ಎಂದು ನಾನೂ ಜೊತೆಗೆ ನಡೆದುಕೊಂಡು ಹೋದೆ. ಕೌಂಟರಿನ ಗುಮಾಸ್ತರು ಕಂಪ್ಯೂಟರ್ ನೋಡಿ, “ಬಂದಿದೆ” ಎಂದು ರಶೀದಿಗೆ ಮೊಹರು ಒತ್ತಿದರು. ಅಷ್ಟರಲ್ಲಿ ಮೇಲಿನ ಮಹಡಿಯಲ್ಲಿ ಹನ್ನೊಂದೂವರೆಯ ತರಗತಿಗೆ ಬೆಲ್ ಹೊಡೆಯಿತು.

“ಹೋಗ್ಲಾ?” ಎಂದಳು ರೇಣುಕಾ.

“ಇನ್ನೂ ಇಲ್ಲೇ ನಿಂತಿದೀಯಲ್ಲೇ!” ಎಂದರು ಅತ್ತೆ.

ಅವಳು ಬ್ಯಾಗನ್ನು ಹೆಗಲಿಗೆ ಏರಿಸಿ ಮೆಟ್ಟಿಲು ಹತ್ತಿದಳು. ಮೂಲೆಯ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳಿದ್ದು ಕೆಳಗಿನವರೆಗೂ ಕೇಳಿಸಿತು. ಮೇಷ್ಟ್ರು “ಬಾ” ಎಂದರು. ಹಾಜರಿ ಕೂಗುವುದು ಇನ್ನೂ ನಡೆದಿತ್ತು. ಅವಳ ಹೆಸರು ಬಂದಾಗ ಅವಳು ಒಳಗಿದ್ದಳು.